ಹೆರಾಲ್ಡ್ ಲಾಯ್ಡ್ ನಟಿಸಿದ ‘ದಿ ಫ್ರೆಶ್‌ಮನ್’ (1925): ಇದು ಫುಟ್‌ಬಾಲ್ ಕಾಮಿಡಿಯೋ, ಅವಮಾನದ ಕಥೆಯೋ?

ಮೂಕಿ ಪ್ರಿಯ

ಮೂಕಿ ಕಾಲದ ಅಮೆರಿಕನ್ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಗಡಿಯಾರದ ಮುಳ್ಳು ಹಿಡಿದು ನೇತಾಡುವ ಆ ಒಂದು ಫೋಟೋ. ನನಗೆ ಅವರ ಸಿನಿಮಾಗಳಲ್ಲಿ ತುಂಬಾ ಇಷ್ಟವಾದದ್ದು ಮಾತ್ರ ‘ದಿ ಫ್ರೆಶ್‌ಮನ್’. 1925ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಮೂಕಿಚಿತ್ರ. ನಿರ್ದೇಶನ ಫ್ರೆಡ್ ನ್ಯೂಮೆಯರ್ ಮತ್ತು ಸ್ಯಾಮ್ ಟೇಲರ್ ಅವರದು. ಎಲ್ಲಿ ಓದಿದರೂ ಇದನ್ನು ‘ಕಾಲೇಜು ಫುಟ್‌ಬಾಲ್ ಕಾಮಿಡಿ’ (ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಅಂತ ಬರೆದಿರುತ್ತಾರೆ, ಕೊನೆಯ ಮ್ಯಾಚ್ ಬಗ್ಗೆ ಹೊಗಳಿರುತ್ತಾರೆ, ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಈ ಸಿನಿಮಾದ ಜೀವ ಇರುವುದು ಮ್ಯಾಚಿನಲ್ಲಿ ಅಲ್ಲ, ಅದಕ್ಕೂ ಮುಂಚೆ ಬರುವ ಡ್ಯಾನ್ಸ್ ಪಾರ್ಟಿಯ ಕೊನೆಯಲ್ಲಿ. ಅದನ್ನೇ ಹೇಳೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ನೋಡದವರಿಗೆ ಕಥೆ ಹೇಳುತ್ತೇನೆ. ಹೆರಾಲ್ಡ್ ಲ್ಯಾಂಬ್ ಅನ್ನುವ ಹುಡುಗ ಊರಲ್ಲಿ ವಾಷಿಂಗ್ ಮಷಿನ್ ಮಾರಿ ಕಾಲೇಜಿಗೆ ದುಡ್ಡು ಕೂಡಿಸಿದ್ದಾನೆ. ಕಾಲೇಜು ಜೀವನ ಅಂದರೆ ಏನು ಅಂತ ಅವನಿಗೆ ಗೊತ್ತಿರುವುದು ಒಂದು ಸಿನಿಮಾದಿಂದ ಮಾತ್ರ. ಆ ಸಿನಿಮಾದ ಹೀರೋ ಕೈ ಕುಲುಕುವ ಮುಂಚೆ ಒಂದು ಸಣ್ಣ ಕುಣಿತ ಹಾಕುತ್ತಾನೆ, ಇವನೂ ಅದನ್ನು ಕನ್ನಡಿ ಮುಂದೆ ನಿಂತು ಕಲಿಯುತ್ತಾನೆ. ಟೇಟ್ ಯೂನಿವರ್ಸಿಟಿಗೆ ಬಂದು ಇಳಿದ ಕೂಡಲೇ ಎಲ್ಲರಿಗೂ ಅದೇ ಕುಣಿತ, ‘ನನ್ನನ್ನು ಸ್ಪೀಡಿ ಅಂತ ಕರೆಯಿರಿ’ ಅನ್ನುವ ಅದೇ ಮಾತು. ಹುಡುಗರು ಅವನನ್ನು ತಮಾಷೆಗೆ ಇಟ್ಟುಕೊಳ್ಳುತ್ತಾರೆ. ಐಸ್‌ಕ್ರೀಂ ಕೊಡಿಸು ಅಂತಾರೆ, ಕೊಡಿಸುತ್ತಾನೆ. ಹಿಂದೆ ದೊಡ್ಡ ಗುಂಪೇ ಬರುತ್ತದೆ. ಇವನಿಗೆ ತಾನು ಕಾಲೇಜಿನಲ್ಲಿ ಎಲ್ಲರಿಗೂ ಬೇಕಾದವನು ಅನ್ನಿಸುತ್ತದೆ. ಫುಟ್‌ಬಾಲ್ ತಂಡಕ್ಕೆ ಸೇರಲು ಹೋಗುತ್ತಾನೆ, ಆಟಗಾರರು ಗುದ್ದಿ ಅಭ್ಯಾಸ ಮಾಡುವ ಬೊಂಬೆ ಹಾಳಾಗಿರುವುದರಿಂದ ಕೋಚ್ ಇವನನ್ನೇ ಬೊಂಬೆಯ ಜಾಗದಲ್ಲಿ ನಿಲ್ಲಿಸುತ್ತಾನೆ. ದಿನವಿಡೀ ಗುದ್ದಿಸಿಕೊಂಡರೂ ಇವನ ಉತ್ಸಾಹ ಕಡಿಮೆ ಆಗುವುದಿಲ್ಲ. ಕೊನೆಗೆ ತಂಡಕ್ಕೆ ತೆಗೆದುಕೊಂಡಿದ್ದೇವೆ ಅಂತ ಹೇಳಿ ನೀರು ಹೊರುವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಅದು ಇವನಿಗೆ ಗೊತ್ತಿಲ್ಲ.

ಇವನೇ ದುಡ್ಡು ಹಾಕಿ ಕೊಡುವ ಪಾರ್ಟಿ ಬರುತ್ತದೆ. ಸೂಟು ಪೂರ್ತಿ ಹೊಲಿದಿಲ್ಲ, ಬರೀ ಟಾಕ ಹಾಕಿದ್ದಾರೆ. ಟೈಲರ್ ಪರದೆ ಹಿಂದೆ ಸೂಜಿ ದಾರ ಹಿಡಿದು ನಿಂತಿದ್ದಾನೆ. ಸೂಟು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ನಾವು ಹೊಟ್ಟೆ ಹಿಡಿದು ನಗುತ್ತೇವೆ. ಅದೇ ಪಾರ್ಟಿಯಲ್ಲಿ ಒಬ್ಬ ಪುಂಡ ವಿದ್ಯಾರ್ಥಿ, ಹೆರಾಲ್ಡ್‌ನನ್ನು ಇಷ್ಟಪಡುವ ಹುಡುಗಿ ಪೆಗ್ಗಿಯನ್ನು ಬಲವಂತ ಮಾಡುತ್ತಾನೆ, ಹೆರಾಲ್ಡ್ ಅವನಿಗೆ ಒಂದು ಏಟು ಕೊಟ್ಟು ಕೆಡವುತ್ತಾನೆ. ಬಿದ್ದವನು ಎದ್ದು ಎಲ್ಲರೆದುರಿಗೆ ನಿಜ ಹೇಳಿಬಿಡುತ್ತಾನೆ: ಇಡೀ ಕಾಲೇಜು ನಿನ್ನನ್ನು ನೋಡಿ ನಗುತ್ತಿದೆ.

ಆಮೇಲೆ ಹೆರಾಲ್ಡ್ ಪೆಗ್ಗಿಯ ಮುಂದೆ ನಗಲು ನೋಡುತ್ತಾನೆ, ತನಗೇನೂ ಆಗಿಲ್ಲ ಅನ್ನುವ ಹಾಗೆ. ಆ ನಗು ನಿಲ್ಲುವುದಿಲ್ಲ, ಅಲ್ಲೇ ಮುರಿದು ಅಳುವಾಗಿಬಿಡುತ್ತದೆ. ಅವಳ ಮಡಿಲಲ್ಲಿ ಮುಖ ಇಟ್ಟು ಅಳುತ್ತಾನೆ. ಮಾತಿಲ್ಲದ ಸಿನಿಮಾ, ಆದರೂ ಆ ಅಳು ಕೇಳಿಸಿದ ಹಾಗೇ ಆಗುತ್ತದೆ. ಇದಿಲ್ಲದೆ, ಅವನು ಮೈದಾನಕ್ಕೆ ಇಳಿದು ಗೆಲ್ಲುವ ಕೊನೆಯ ಮ್ಯಾಚ್ ಸುಮ್ನೆ ಓಟ, ಬೀಳುವುದು, ಏಳುವುದು ಅಷ್ಟೇ ಆಗುತ್ತಿತ್ತು. ನಿಮಗೆ ಹೇಗೆ ಅನ್ನಿಸುತ್ತದೆ?

ಗರಡಿ ಹುಡುಗ

ಸರ್, ನೀವು ಹೇಳಿದ ದೃಶ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನಗೆ ಮ್ಯಾಚೇ ಮುಖ್ಯ. ಬೊಂಬೆಯ ಜಾಗದಲ್ಲಿ ನಿಂತು ಗುದ್ದಿಸಿಕೊಂಡವನು ಕೊನೆಗೆ ಮೈದಾನಕ್ಕೆ ಇಳಿದಾಗ ಎದ್ದು ನಿಂತು ಕೂಗಬೇಕು ಅನ್ನಿಸುತ್ತದೆ. ಅಳುವ ದೃಶ್ಯ ಒಂದೇ ಇದ್ದು ಮ್ಯಾಚ್ ಇಲ್ಲದಿದ್ದರೆ ಯಾರು ನೋಡುತ್ತಿದ್ದರು ಹೇಳಿ?

ಒಂದು ಪ್ರಶ್ನೆ ಇದೆ. ನನಗೆ ಅಮೆರಿಕನ್ ಫುಟ್‌ಬಾಲ್ ಆಟ ಅಷ್ಟಾಗಿ ಗೊತ್ತಿಲ್ಲ. ಗೆರೆ ದಾಟುವ ಹೊತ್ತಿಗೆ ಅವನು ಚೆಂಡನ್ನು ಕೆಳಗೆ ಬಿಟ್ಟುಬಿಡುತ್ತಾನಲ್ಲ, ಅದು ಯಾಕೆ ಅಂತ ಸರಿಯಾಗಿ ತಿಳಿಯಲಿಲ್ಲ. ಗೊತ್ತಿರುವವರು ಹೇಳಿ.

ಬರ್ಕ್ಲಿ ಕನ್ನಡಿಗ

ನಾನು ಓದಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಅದಕ್ಕೇ ಈ ಸಿನಿಮಾ ಅಂದರೆ ಸ್ವಲ್ಪ ಜಾಸ್ತಿ ಪ್ರೀತಿ. ಮ್ಯಾಚಿನಲ್ಲಿ ಕಾಣುವ ಆ ದೊಡ್ಡ ಜನಜಂಗುಳಿ ಬಾಡಿಗೆಗೆ ತಂದ ಜನ ಅಲ್ಲ. 1924ರ ನವೆಂಬರ್‌ನಲ್ಲಿ ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ತಂಡಗಳ ನಡುವೆ ವರ್ಷದ ದೊಡ್ಡ ಮ್ಯಾಚ್ ನಡೆಯಿತು. ಅದರ ಮಧ್ಯದ ಬಿಡುವಿನಲ್ಲಿ ಲಾಯ್ಡ್ ತಂಡ ಮೈದಾನಕ್ಕೆ ಇಳಿದು ಶೂಟ್ ಮಾಡಿಕೊಂಡಿತು. ಹಿಂದೆ ಕೂತಿರುವವರು ನಿಜವಾದ ಅಭಿಮಾನಿಗಳು. ಆ ಮ್ಯಾಚ್ 20–20 ಸಮ ಆಗಿ ಮುಗಿಯಿತು, ಇಂದಿಗೂ ಅಲ್ಲಿ ಹಳಬರು ಆ ಆಟದ ಮಾತು ಎತ್ತುತ್ತಾರೆ.

ಹತ್ತಿರದಿಂದ ತೆಗೆದ ಆಟದ ಭಾಗ ಮಾತ್ರ ಪಾಸಡೀನಾದ ರೋಸ್ ಬೌಲ್‌ನಲ್ಲಿ ಆದದ್ದು. ರೋಸ್ ಬೌಲ್ ಆಗ ಇನ್ನೂ ಹೊಸದು, 1922ರಲ್ಲಿ ಶುರುವಾಗಿತ್ತು, ದಕ್ಷಿಣದ ತುದಿ ಇನ್ನೂ ತೆರೆದೇ ಇತ್ತು, ಅದನ್ನು ಮುಚ್ಚಿದ್ದು 1928ರಲ್ಲಿ. ಎರಡು ಊರಿನ ಎರಡು ಮೈದಾನ ಸೇರಿಸಿ ಒಂದೇ ಮ್ಯಾಚ್ ಮಾಡಿದ್ದಾರೆ, ಆದರೆ ನೋಡುವಾಗ ಎಲ್ಲೂ ಜೋಡಣೆ ಗೊತ್ತಾಗುವುದಿಲ್ಲ. ಕಾಲೇಜಿನ ಹೊರಗಿನ ದೃಶ್ಯಗಳು ಲಾಸ್ ಏಂಜಲೀಸ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸುತ್ತಮುತ್ತ ತೆಗೆದವು.

ಮೆಮೋರಿಯಲ್ ಸ್ಟೇಡಿಯಂ ಕಟ್ಟಿದ್ದು 1923ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಕ್ಯಾಲಿಫೋರ್ನಿಯಾದವರ ನೆನಪಿಗೆ. ಹೇವರ್ಡ್ ಭೂಕಂಪದ ಬಿರುಕು ನೇರ ಸ್ಟೇಡಿಯಂ ಕೆಳಗೇ ಹಾದುಹೋಗುತ್ತದೆ, ಅದಕ್ಕೆ 2012ರ ಹೊತ್ತಿಗೆ ದೊಡ್ಡ ರಿಪೇರಿ ಮುಗಿಸಿ ಮತ್ತೆ ತೆರೆದರು. ಮೇಲಿನ ಗುಡ್ಡದಲ್ಲಿ ಕೂತು ಟಿಕೆಟ್ ಇಲ್ಲದೆ ಮ್ಯಾಚ್ ನೋಡುವ ಪದ್ಧತಿ ಈಗಲೂ ಇದೆ, ನಾವೂ ಗೆಳೆಯರೆಲ್ಲ ಅಲ್ಲೇ ಕೂರುತ್ತಿದ್ದೆವು. ಬೆಂಗಳೂರು, ಮೈಸೂರಿನಿಂದ ಓದಲು ಬಂದ ನಮ್ಮ ಹುಡುಗರಲ್ಲಿ ಆಟ ಅರ್ಥ ಆಗದವರೂ ಆ ಗದ್ದಲಕ್ಕೆ ಮರುಳಾಗುತ್ತಾರೆ. ಹೆರಾಲ್ಡ್‌ಗೆ ತಂಡ ಸೇರುವ ಹುಚ್ಚು ಯಾಕೆ ಹಿಡಿಯಿತು ಅಂತ ನನಗೆ ಆ ಗುಡ್ಡದ ಮೇಲೆ ಕೂತಾಗ ಚೆನ್ನಾಗಿ ಅರ್ಥವಾಗುತ್ತಿತ್ತು.

ಹಳೆ ರೀಲು

ಮೂಕಿ ಪ್ರಿಯ ಅವರ ಮಾತಿಗೆ ಶೂಟಿಂಗ್‌ನಲ್ಲೇ ಒಂದು ಸಾಕ್ಷಿ ಇದೆ. ಲಾಯ್ಡ್ ಮೊದಲು ಮಾಡಲು ಹೋದದ್ದು ಫುಟ್‌ಬಾಲ್ ಮ್ಯಾಚನ್ನೇ. ಅವರ ಎಷ್ಟೋ ಸಿನಿಮಾಗಳಲ್ಲಿ ದೊಡ್ಡ ದೃಶ್ಯವನ್ನು ಮೊದಲು ತೆಗೆದು ಆಮೇಲೆ ಉಳಿದ ಕಥೆ ಜೋಡಿಸುವ ಅಭ್ಯಾಸ ಇತ್ತು. ಇಲ್ಲಿ ಅದು ಕೆಲಸ ಮಾಡಲಿಲ್ಲ. ರೋಸ್ ಬೌಲ್‌ಗೆ ಹೋಗಿ ಸ್ವಲ್ಪ ಶೂಟ್ ಮಾಡಿದರು, ನಗು ಬರಲೇ ಇಲ್ಲ. ಮೈದಾನದಲ್ಲಿ ಓಡುತ್ತಿರುವ ಈ ಹುಡುಗ ಯಾರು, ಅವನಿಗೆ ಏನಾಗಿದೆ, ಅವನಿಗೆ ಈ ಆಟ ಯಾಕಿಷ್ಟು ಬೇಕು ಅನ್ನುವುದು ಅವರಿಗೇ ಇನ್ನೂ ಗೊತ್ತಿರಲಿಲ್ಲ. ಬಿಟ್ಟು ವಾಪಸ್ ಬಂದು ಕಥೆಯ ಮೊದಲಿನಿಂದ ಸಾಲಾಗಿ ಶೂಟ್ ಮಾಡಿದರು. ಕೊನೆಗೆ ಮ್ಯಾಚಿಗೆ ಬಂದಾಗ ಎಲ್ಲ ಕೂಡಿಬಂತು. ಅಂದರೆ ಮಾಡಿದವರೂ ಅದೇ ಕಂಡುಕೊಂಡರು, ಮೊದಲು ಹುಡುಗ, ಆಮೇಲೆ ಆಟ.

ಪಾರ್ಟಿ ದೃಶ್ಯದ ಹಿಂದೆಯೂ ಒಂದು ಕಥೆ ಇದೆ. ಮೊದಲು ತೆಗೆದಾಗ ಸೂಟಿನ ಬೇರೆ ಬೇರೆ ಭಾಗ ಬಿಚ್ಚಿಕೊಳ್ಳುತ್ತಿತ್ತು, ಪ್ಯಾಂಟು ಮಾತ್ರ ಉಳಿಯುತ್ತಿತ್ತು. ಪ್ಯಾಂಟು ಬೀಳುವುದು ಹಳೆ ಕಾಲದ ಅಗ್ಗದ ತಮಾಷೆ ಅಂತ ಲಾಯ್ಡ್ ಒಪ್ಪಿರಲಿಲ್ಲ. ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡಿದರು, ಅಂದುಕೊಂಡಷ್ಟು ನಗು ಬರಲಿಲ್ಲ. ಜೊತೆಯ ಬರಹಗಾರರು ಪ್ಯಾಂಟು ಬೀಳಲೇಬೇಕು ಅಂತ ಹಟ ಹಿಡಿದರು. ಮತ್ತೆ ಶೂಟ್ ಮಾಡಿ ಸೇರಿಸಿದರು, ಥಿಯೇಟರ್ ಕುಲುಕಿಹೋಯಿತು. ಆ ಕಾಲದಲ್ಲಿ ಹೀಗೆ ಜನರ ಮುಂದೆ ಇಟ್ಟು, ನಗು ಎಲ್ಲಿ ಬಂತು ಎಲ್ಲಿ ಬರಲಿಲ್ಲ ಅಂತ ನೋಡಿ ತಿದ್ದುವುದನ್ನು ಲಾಯ್ಡ್‌ನಷ್ಟು ಶ್ರದ್ಧೆಯಿಂದ ಮಾಡಿದವರು ಕಡಿಮೆ. ಪ್ಯಾಂಟು ಬಿದ್ದು ಪೂರ್ತಿ ಮಾನ ಹೋದ ಮೇಲೆ ಆ ಅಳು ಬರುವುದರಿಂದಲೇ ಅದಕ್ಕೆ ಅಷ್ಟು ತೂಕ ಬಂದಿದೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಹೇಳಲೇಬೇಕು. 1919ರ ಆಗಸ್ಟ್‌ನಲ್ಲಿ ಫೋಟೋ ತೆಗೆಸಿಕೊಳ್ಳುವಾಗ ಲಾಯ್ಡ್ ಕೈಯಲ್ಲಿದ್ದ ಬಾಂಬು ಸ್ಫೋಟಿಸಿತು. ಅದು ಸುಳ್ಳು ಬಾಂಬು ಅಂತ ತಿಳಿದು ಕೊಟ್ಟಿದ್ದರು, ಅದು ನಿಜವಾದದ್ದಾಗಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಆಮೇಲಿನ ಎಲ್ಲ ಸಿನಿಮಾಗಳಲ್ಲಿ ಕೈಗೆ ಬೆರಳಿನ ಆಕಾರದ ಗ್ಲೌಸ್ ಹಾಕಿಕೊಂಡು ನಟಿಸಿದರು. ಅದೇ ಕೈಯಲ್ಲಿ ಇಲ್ಲಿ ಚೆಂಡು ಹಿಡಿದು ಓಡುತ್ತಾರೆ, ರಾಶಿ ಜನರ ಕೆಳಗೆ ಬೀಳುತ್ತಾರೆ. ಮತ್ತೆ ನೋಡುವಾಗ ಬಲಗೈ ಗಮನಿಸಿ.

ಕೆಂಪು ದಾಸವಾಳ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಅಳುವ ದೃಶ್ಯ ನನಗೂ ತುಂಬಾ ಇಷ್ಟ. ಅದಕ್ಕೇ ಕೊನೆ ನನಗೆ ಒಪ್ಪಿಗೆ ಆಗುವುದಿಲ್ಲ. ಪೆಗ್ಗಿ ಅವನಿಗೆ ಹೇಳುವುದು ಏನು? ನಾಟಕ ಬಿಡು, ನೀನು ನೀನಾಗಿರು ಅಂತ. ಅವನು ಮಾಡುವುದು ಏನು? ಮೈದಾನಕ್ಕೆ ಹೋಗಿ ಗೆದ್ದು ಅದೇ ಜನರಿಂದ ಜೈ ಅನ್ನಿಸಿಕೊಳ್ಳುತ್ತಾನೆ. ಅವಮಾನ ಮಾಡಿದ ಹುಡುಗರಿಗೆ ಒಂದು ಮಾತು ಬೈಗುಳ ಇಲ್ಲ, ಅವರಿಗೆ ನಾಚಿಕೆಯೂ ಆಗುವುದಿಲ್ಲ. ಕೊನೆಯಲ್ಲಿ ಇಡೀ ಕಾಲೇಜು, ಕೋಚ್ ಕೂಡ, ಅವನ ಕುಣಿತವನ್ನೇ ಕುಣಿಯುತ್ತಾರೆ. ಗೆದ್ದವನ ಹುಚ್ಚಾಟ ಫ್ಯಾಷನ್ ಆಗುತ್ತದೆ, ಸೋತವನದು ನಗೆಪಾಟಲು. ಜನರ ಬುದ್ಧಿ ಅಲ್ಲೇ ಇದೆ.

ಹಾಸ್ಟೆಲಿನಲ್ಲಿ ರ‍್ಯಾಗಿಂಗ್ ಕಂಡವರಿಗೆ ಇದು ಚುಚ್ಚುತ್ತದೆ. ನಾನು ಓದಿದ ಕಡೆ ಹಳ್ಳಿಯಿಂದ ಬಂದ ಒಬ್ಬ ಹುಡುಗಿಯನ್ನು ಹೀಗೇ ಹೊಗಳಿ ಹೊಗಳಿ ಹಿಂದಿನಿಂದ ನಗುತ್ತಿದ್ದರು. ಅವಳಿಗೆ ಗೆದ್ದು ತೋರಿಸಲು ಯಾವ ಮ್ಯಾಚೂ ಇರಲಿಲ್ಲ. ಗೆಲ್ಲದಿದ್ದರೆ ಹೆರಾಲ್ಡ್‌ಗೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಯನ್ನು ಸಿನಿಮಾ ಕೇಳಬೇಕಿತ್ತು.

ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ ಆ ಪ್ರಶ್ನೆಯನ್ನೇ ಕೇಳಿದರು ಅಂತ ನನಗೆ ಅನ್ನಿಸುತ್ತದೆ. 1947ರ ‘ದಿ ಸಿನ್ ಆಫ್ ಹೆರಾಲ್ಡ್ ಡಿಡಲ್‌ಬಾಕ್’ ನೋಡಿ. ಅದು ಶುರುವಾಗುವುದೇ ‘ಫ್ರೆಶ್‌ಮನ್’ನ ಮ್ಯಾಚ್ ದೃಶ್ಯಗಳಿಂದ. ಗೆದ್ದ ಹುಡುಗನನ್ನು ಮೆಚ್ಚಿ ಒಬ್ಬ ವ್ಯಾಪಾರಿ ಕೆಲಸ ಕೊಡುತ್ತಾನೆ. ಅವನು 20 ವರ್ಷಕ್ಕೂ ಜಾಸ್ತಿ ಕಾಲ ಅದೇ ಮೇಜಿನ ಮುಂದೆ ಲೆಕ್ಕ ಬರೆಯುತ್ತಾ ಕೂರುತ್ತಾನೆ, ಕೊನೆಗೆ ಕೆಲಸದಿಂದ ತೆಗೆದುಹಾಕುತ್ತಾರೆ. ಆ ಪಾತ್ರ ಮಾಡಿರುವುದು ಲಾಯ್ಡ್ ಅವರೇ, ಅದೇ ಅವರ ಕೊನೆಯ ಸಿನಿಮಾ. ಗೆರೆ ದಾಟಿ ಗಳಿಸಿದ ಒಂದು ಟಚ್‌ಡೌನ್ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಖಾರವಾದ ಉತ್ತರ ನನಗೆ ಗೊತ್ತಿಲ್ಲ.

ಮೂಕಿ ಪ್ರಿಯ

ದಾಸವಾಳ ಮೇಡಂ, ಇದು ಒಳ್ಳೆಯ ಪ್ರಶ್ನೆ. ಡಿಡಲ್‌ಬಾಕ್ ವಿಷಯ ತಂದದ್ದಕ್ಕೆ ಥ್ಯಾಂಕ್ಸ್, ಎರಡನ್ನೂ ಒಂದರ ಹಿಂದೆ ಒಂದು ನೋಡಬೇಕು.

ಆದರೆ ಒಂದು ಮಾತು. ಕೊನೆಯಲ್ಲಿ ಎಲ್ಲರೂ ಕುಣಿಯುವುದನ್ನು ನೀವು ಹೇಳಿದಿರಿ, ಅದರ ಪಕ್ಕದಲ್ಲೇ ಇರುವುದನ್ನೂ ನೋಡಿ. ಹುಡುಗರು ಹೊತ್ತುಕೊಂಡು ಮೆರವಣಿಗೆ ಮಾಡುವಾಗ ಹೆರಾಲ್ಡ್ ಗಮನ ಎಲ್ಲಿದೆ? ಪೆಗ್ಗಿ ಕೊಟ್ಟ ಚೀಟಿ ಮೇಲೆ. ಅದರಲ್ಲಿ ಪ್ರೀತಿಸುತ್ತೇನೆ ಅಂತ ಬರೆದಿದ್ದಾಳೆ. ಓದುತ್ತಾ ಸ್ನಾನದ ನಲ್ಲಿಗೆ ಒರಗುತ್ತಾನೆ, ನೀರು ಸುರಿದು ಪೂರ್ತಿ ಒದ್ದೆಯಾದರೂ ಅವನಿಗೆ ಗೊತ್ತೇ ಆಗುವುದಿಲ್ಲ. ಹೊರಗೆ ಜನ ತನ್ನ ಕುಣಿತ ಕುಣಿಯುತ್ತಿದ್ದಾರೆ ಅನ್ನುವುದು ಅವನಿಗೆ ಬೇಕಾಗಿಯೇ ಇಲ್ಲ. ಜನ ಬದಲಾಗಲಿಲ್ಲ, ನಿಜ. ಅವನು ಬದಲಾದ ಅಂತ ನನಗೆ ಅನ್ನಿಸುತ್ತದೆ.

ಹೆರಾಲ್ಡ್‌ನ ಅಪ್ಪ ಮೊದಲಲ್ಲೇ ಹೇಳುತ್ತಾರೆ, ಇವನು ಕಾಲೇಜಿಗೆ ಹೋಗಿ ಆ ಸಿನಿಮಾ ನಟನ ಹಾಗೆ ಆಡಿದರೆ ಅವರು ಇವನ ಮನಸ್ಸು ಮುರಿಯುತ್ತಾರೆ, ಇಲ್ಲವಾದರೆ ಕುತ್ತಿಗೆ ಮುರಿಯುತ್ತಾರೆ ಅಂತ. ಪಾರ್ಟಿಯಲ್ಲಿ ಮನಸ್ಸು ಮುರಿಯಿತು. ಮ್ಯಾಚಿನಲ್ಲಿ ಕುತ್ತಿಗೆ ಮುರಿಯುವುದೊಂದು ಬಾಕಿ. ಆ ಹೆದರಿಕೆ ತಲೆಯಲ್ಲಿ ಇಟ್ಟುಕೊಂಡು ಮ್ಯಾಚ್ ನೋಡಿ, ಪ್ರತಿ ಏಟೂ ಬೇರೆ ಥರ ಕಾಣುತ್ತದೆ.

ಆಟದ ಹುಚ್ಚು

ಗರಡಿ ಹುಡುಗ ಕೇಳಿದ ಪ್ರಶ್ನೆಗೆ ಬರುತ್ತೇನೆ. ರೆಫರಿ ಸೀಟಿ ಊದಿದರೆ ಆ ಆಟ ಅಲ್ಲಿಗೆ ಸತ್ತ ಹಾಗೆ, ಚೆಂಡು ಬಿಡಬೇಕು. ಮೊದಲು ಒಂದು ಸಲ ಹೆರಾಲ್ಡ್ ಸೀಟಿ ಆದ ಮೇಲೂ ಚೆಂಡು ಬಿಡದೆ ಬೈಸಿಕೊಳ್ಳುತ್ತಾನೆ. ಸೀಟಿ ಕೇಳಿದ ಕೂಡಲೇ ಬಿಡು ಅಂತ ಹೇಳಿಸಿಕೊಂಡಿರುತ್ತಾನೆ. ಆಮೇಲೆ ಎಲ್ಲರನ್ನೂ ದಾಟಿ ಓಡುತ್ತಾ ಗೋಲ್ ಗೆರೆ ಇನ್ನೇನು ಬಂತು ಅನ್ನುವಾಗ ಹತ್ತಿರದ ಕಾರ್ಖಾನೆಯ ಸೀಟಿ ಊದುತ್ತದೆ. ಇವನು ರೆಫರಿ ಸೀಟಿ ಅಂದುಕೊಂಡು ಚೆಂಡು ಕೆಳಗೆ ಹಾಕಿಬಿಡುತ್ತಾನೆ. ಎದುರು ತಂಡ ಎತ್ತಿಕೊಂಡು ಓಡುತ್ತದೆ. ಹೇಳಿದ ಮಾತನ್ನು ಅಕ್ಷರಶಃ ಕೇಳಿದ್ದಕ್ಕೇ ಏಟು ತಿನ್ನುತ್ತಾನೆ. ಸಿನಿಮಾದ ಮೊದಲಿನಿಂದಲೂ ಅವನ ಕಷ್ಟ ಇದೇ, ಅಲ್ವಾ? ಯಾರು ಏನು ಹೇಳಿದರೂ ನಂಬುತ್ತಾನೆ.

ಚೆಂಡು ಹಿಡಿದು ಎದುರಾಳಿಯ ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. 1912ರಿಂದ ಹೀಗೇ ಇದೆ. 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ ಅನ್ನುವ ನಿಯಮವೂ ಅದೇ ವರ್ಷ ಬಂತು. ಇಷ್ಟು ಗೊತ್ತಿದ್ದರೆ ಸಿನಿಮಾ ನೋಡಲು ಸಾಕು.

ಬೊಂಬೆಯ ದೃಶ್ಯದ ಬಗ್ಗೆ ನನಗೆ ಜಾಸ್ತಿ ಹೇಳುವುದಿದೆ. ಆ ಕಾಲದ ಆಟ ನಿಜಕ್ಕೂ ಕ್ರೂರವಾಗಿತ್ತು. 1905ರ ಸೀಸನ್‌ನಲ್ಲಿ ಆಟಗಾರರ ಸಾವು ಎಷ್ಟು ಗಲಾಟೆ ಎಬ್ಬಿಸಿತು ಅಂದರೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಒಪ್ಪಿಗೆ ಸಿಕ್ಕಿತು, ಎಲ್ಲರೂ ಒಂದೇ ಕಡೆ ರಾಶಿ ಬಿದ್ದು ತುಳಿದಾಡುವುದು ಕಡಿಮೆಯಾಗಲಿ ಅಂತ. ಆದರೂ 1925ರಲ್ಲಿ ತಲೆಗೆ ಹಾಕುತ್ತಿದ್ದದ್ದು ಚರ್ಮದ ಟೋಪಿ, ಅದೂ ಕಡ್ಡಾಯ ಇರಲಿಲ್ಲ. ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯ ಆದದ್ದು 1939ರಲ್ಲಿ. ಕೋಚ್ ಎಷ್ಟು ಒರಟು ಅಂದರೆ ಬೆಂಕಿ ಉಗುಳುವ ಬ್ಲೋಟಾರ್ಚ್‌ನಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಾನೆ ಅಂತ ಸಿನಿಮಾದಲ್ಲಿ ಬರೆದು ತೋರಿಸುತ್ತಾರೆ. ಜನ ನಕ್ಕರು, ಯಾಕೆಂದರೆ ಅಂಥ ಕೋಚ್‌ಗಳನ್ನು ಅವರು ಕಂಡಿದ್ದರು.

ಇನ್ನೊಂದು ಬರಹ ನೆನಪಿದೆಯಾ? ಟೇಟ್ ಯೂನಿವರ್ಸಿಟಿಯನ್ನು ಪರಿಚಯಿಸುವಾಗ, ಅದೊಂದು ದೊಡ್ಡ ಫುಟ್‌ಬಾಲ್ ಸ್ಟೇಡಿಯಂ, ಅದಕ್ಕೊಂದು ಕಾಲೇಜು ಅಂಟಿಕೊಂಡಿದೆ ಅನ್ನುತ್ತಾರೆ. ಇದು ಬರೀ ನಗುವಿಗೆ ಬರೆದದ್ದಲ್ಲ. ಯೇಲ್ 1914ರಲ್ಲೇ ಸುಮಾರು 70 ಸಾವಿರ ಜನ ಕೂರುವ ಮೈದಾನ ಕಟ್ಟಿತ್ತು. ಒಹಾಯೊ 1922ರಲ್ಲಿ, ಕ್ಯಾಲಿಫೋರ್ನಿಯಾ 1923ರಲ್ಲಿ, ಮಿಶಿಗನ್ 1927ರಲ್ಲಿ ಕಟ್ಟಿದವು. ಆ ದಶಕದಲ್ಲಿ ಅಮೆರಿಕದಲ್ಲಿ ಕಾಲೇಜಿಗೆ ಹೋಗುವವರ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಅವರಲ್ಲಿ ಹೆರಾಲ್ಡ್ ಥರ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಬಹಳ ಜನ. ಕಾಲೇಜು ಆಟಗಾರ ರೆಡ್ ಗ್ರೇಂಜ್ 1924ರ ಅಕ್ಟೋಬರ್‌ನಲ್ಲಿ ಮಿಶಿಗನ್ ವಿರುದ್ಧ ಮೊದಲ 12 ನಿಮಿಷದಲ್ಲಿ ನಾಲ್ಕು ಟಚ್‌ಡೌನ್ ಮಾಡಿ ಇಡೀ ದೇಶದ ಹೀರೋ ಆದ. ಕಾಲೇಜಿಗೆ ಬರುವ ಬಡ ಹುಡುಗನಿಗೆ ಹೀರೋ ಅಂದರೆ ಅವನೇ. ಓದಿನಲ್ಲಿ ಹೆಸರು ಮಾಡಿದವನ ಫೋಟೋ ಪೇಪರಿನಲ್ಲಿ ಬರುತ್ತಿರಲಿಲ್ಲ. 1929ರಲ್ಲಿ ಕಾರ್ನೆಗಿ ಫೌಂಡೇಶನ್ ತನಿಖೆ ಮಾಡಿದಾಗ, ಅವರು ನೋಡಿದ ಹೆಚ್ಚಿನ ಕಾಲೇಜುಗಳು ಆಟಗಾರರಿಗೆ ಒಂದಲ್ಲ ಒಂದು ದಾರಿಯಲ್ಲಿ ದುಡ್ಡು, ಸೌಲಭ್ಯ ಕೊಡುತ್ತಿದ್ದವು ಅಂತ ಹೊರಬಿತ್ತು. ಸಿನಿಮಾ ಅದನ್ನು ನಾಲ್ಕು ವರ್ಷ ಮುಂಚೆ ಒಂದೇ ಸಾಲಿನಲ್ಲಿ ಹೇಳಿತ್ತು.

ಗರಡಿ ಹುಡುಗ

ಆಹಾ, ಈಗ ಅರ್ಥವಾಯಿತು. ಕಾರ್ಖಾನೆ ಸೀಟಿ ಅಂತ ನನಗೆ ಹೊಳೆದೇ ಇರಲಿಲ್ಲ. ಮೂಕಿಚಿತ್ರದಲ್ಲಿ ಸದ್ದಿನ ಮೇಲೆ ಇಂಥ ದೃಶ್ಯ ಕಟ್ಟುವ ಧೈರ್ಯ ನೋಡಿ! ಹೊಗೆ ಬರುವ ಚಿಮಣಿ ತೋರಿಸಿ ನಮಗೆ ಸದ್ದು ಕೇಳಿಸುತ್ತಾರೆ. ಕೊನೆಯಲ್ಲಿ ಗೆರೆಯ ಮೇಲೆ ರಾಶಿ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಚೆಂಡು ಆಚೆ ಇದೆಯೋ ಈಚೆ ಇದೆಯೋ ಅಂತ ನೋಡುವಾಗ ನಾನು ಉಸಿರು ಹಿಡಿದು ಕೂತಿದ್ದೆ.

ವಕೀಲಿ ವಿದ್ಯಾರ್ಥಿ

ಈ ಸಿನಿಮಾವನ್ನು ನಾನು ನೋಡಿದ್ದು ಕಾಪಿರೈಟ್ ಕೇಸು ಓದುವಾಗ. ಎಚ್.ಸಿ. ವಿಟ್ವರ್ ಅನ್ನುವ ಬರಹಗಾರ 1915ರಲ್ಲಿ ‘ದಿ ಎಮ್ಯಾನ್ಸಿಪೇಶನ್ ಆಫ್ ರಾಡ್ನಿ’ ಅನ್ನುವ ಕಥೆ ಬರೆದಿದ್ದರು. ಅದರಲ್ಲೂ ಕಾಲೇಜಿನಲ್ಲಿ ಯಾರೂ ಲೆಕ್ಕಕ್ಕೆ ಇಡದ ಹುಡುಗ ಕೊನೆಗೆ ಫುಟ್‌ಬಾಲ್ ಮ್ಯಾಚಿಗೆ ಇಳಿಯುತ್ತಾನೆ. ನನ್ನ ಕಥೆ ಕದ್ದಿದ್ದಾರೆ ಅಂತ ಅವರು 1929ರಲ್ಲಿ ಕೇಸು ಹಾಕಿದರು. ಅದೇ ವರ್ಷ ತೀರಿಕೊಂಡರು, ಹೆಂಡತಿ ಕೇಸು ಮುಂದುವರಿಸಿದರು. ಕೆಳ ಕೋರ್ಟಿನಲ್ಲಿ ಅವರಿಗೇ ಗೆಲುವಾಯಿತು. 1933ರಲ್ಲಿ ಅಪೀಲು ಕೋರ್ಟು ಅದನ್ನು ತಿರುಗಿಸಿ ಲಾಯ್ಡ್ ಕಂಪನಿ ಪರ ತೀರ್ಪು ಕೊಟ್ಟಿತು.

ಮೂಕಿ ಪ್ರಿಯ ಅವರ ಮಾತಿಗೂ ಇದಕ್ಕೂ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಸಪ್ಪೆ ಹುಡುಗ, ಕಾಲೇಜು, ಕೊನೇ ನಿಮಿಷದ ಮ್ಯಾಚು, ಗೆಲುವು. ಇಷ್ಟು ಎಲುಬಿನ ಗೂಡನ್ನು ಇಟ್ಟುಕೊಂಡು ನೂರು ಕಥೆ ಬರೆಯಬಹುದು, ಅದು ಯಾರ ಸೊತ್ತೂ ಅಲ್ಲ. ಅದಕ್ಕೆ ತುಂಬುವ ಮಾಂಸ ಯಾರದು ಅನ್ನುವುದೇ ಮುಖ್ಯ. ಕೈ ಕುಲುಕುವ ಕುಣಿತ, ಟಾಕ ಹಾಕಿದ ಸೂಟು, ತಲೆಸುತ್ತು ಬರುವ ಟೈಲರ್, ಮಡಿಲಲ್ಲಿ ಅಳುವುದು, ಇವೆಲ್ಲ ಲಾಯ್ಡ್ ತಂಡದ್ದೇ. ಬರೀ ಮ್ಯಾಚೇ ಈ ಸಿನಿಮಾ ಆಗಿದ್ದರೆ ಕೇಸು ಇನ್ನೂ ಕಷ್ಟ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ಕೆಂಪು ದಾಸವಾಳ

ಇಷ್ಟೆಲ್ಲ ಮಾತಾಡಿದೆವು, ಪೆಗ್ಗಿ ಬಗ್ಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ಜೊಬೈನಾ ರಾಲ್‌ಸ್ಟನ್ ಲಾಯ್ಡ್ ಜೊತೆ ಆರು ದೊಡ್ಡ ಸಿನಿಮಾಗಳಲ್ಲಿ ನಟಿಸಿದರು, 1923ರ ‘ವೈ ವರಿ?’ಯಿಂದ 1927ರ ‘ದಿ ಕಿಡ್ ಬ್ರದರ್’ ತನಕ. ಇಲ್ಲಿ ಅವರ ಕೆಲಸ ಕಷ್ಟದ್ದು. ಕಾಲೇಜಿನಲ್ಲಿ ಹೆರಾಲ್ಡ್‌ನ ನಿಜ ಸ್ಥಿತಿ ಗೊತ್ತಿದ್ದೂ ಅವನನ್ನು ನೋಡಿ ನಗದವಳು ಅವಳೊಬ್ಬಳೇ. ನಿಜ ಹೇಳಿದರೆ ಅವನಿಗೆ ನೋವು, ಹೇಳದಿದ್ದರೆ ಇನ್ನೂ ದೊಡ್ಡ ನೋವು. ಆ ಇಕ್ಕಟ್ಟು ಅವರ ಕಣ್ಣಲ್ಲೇ ಕಾಣುತ್ತದೆ.

ರೈಲಿನ ದೃಶ್ಯ ನೆನಪು ಮಾಡಿಕೊಳ್ಳಿ. ಇಬ್ಬರೂ ಒಂದು ಪದಬಂಧ ಬಿಡಿಸುತ್ತಾ ಕೂತಿದ್ದಾರೆ. ಪ್ರೀತಿಸುವವರನ್ನು ಕರೆಯುವ ಪದ ಬೇಕು. ಒಬ್ಬರಿಗೊಬ್ಬರು ಮುದ್ದಿನ ಪದಗಳನ್ನು ಹೇಳುತ್ತಾ ಹೋಗುತ್ತಾರೆ, ಪಕ್ಕದ ಅಜ್ಜಿ ಇವರು ನಿಜವಾದ ಪ್ರೇಮಿಗಳು ಅಂದುಕೊಳ್ಳುತ್ತಾಳೆ. 1924ರಲ್ಲಿ ಅಮೆರಿಕದಲ್ಲಿ ಪದಬಂಧದ ಮೊದಲ ಪುಸ್ತಕ ಬಂದು ಊರಿಗೆ ಊರೇ ಹುಚ್ಚೆದ್ದಿತ್ತು, ಅದನ್ನು ಎಷ್ಟು ಚಂದ ಬಳಸಿದ್ದಾರೆ. ಹೆರಾಲ್ಡ್ ಕುಣಿತ ಹಾಕದೆ, ನಾಟಕ ಮಾಡದೆ, ಸುಮ್ನೆ ತಾನಾಗಿ ಮಾತಾಡುವುದು ಆ ರೈಲಿನಲ್ಲಿ ಮಾತ್ರ. ಪೆಗ್ಗಿಗೆ ಇಷ್ಟವಾದವನು ಆ ಹುಡುಗ. ಆದ್ದರಿಂದ ‘ನೀನಾಗಿರು’ ಅಂತ ಅವಳು ಹೇಳುವಾಗ ಅದು ಉಪದೇಶ ಅನ್ನಿಸುವುದಿಲ್ಲ. ಕೊನೆಯ ಬಗ್ಗೆ ನನ್ನ ತಕರಾರು ಹಾಗೇ ಇದೆ, ಆದರೆ ಚೀಟಿಯ ಬಗ್ಗೆ ಮೂಕಿ ಪ್ರಿಯ ಹೇಳಿದ್ದನ್ನು ಒಪ್ಪುತ್ತೇನೆ.

ಹೊಸಬ

ಎಲ್ಲರ ಮಾತು ಓದಿ ಇವತ್ತೇ ನೋಡಬೇಕು ಅನ್ನಿಸಿದೆ. ಯಾವ ಪ್ರಿಂಟ್ ನೋಡಬೇಕು? ಇದೇ ಥರದ ಬೇರೆ ಸಿನಿಮಾ ಇದ್ದರೂ ಹೇಳಿ.

ಹಳೆ ರೀಲು

ಇದು 2021ರ ಜನವರಿ 1ರಿಂದ ಅಮೆರಿಕದಲ್ಲಿ ಕಾಪಿರೈಟ್‌ನಿಂದ ಹೊರಗೆ ಬಂದಿದೆ, ಆದ್ದರಿಂದ ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಮಸುಕು ಪ್ರಿಂಟು, ಯಾವುದೋ ಪಿಯಾನೋ ಸದ್ದು ಹಾಕಿದ್ದನ್ನು ನೋಡಬೇಡಿ. ಹಳೆ ಸಿನಿಮಾಗಳ ಒಳ್ಳೆ ಪ್ರಿಂಟ್ ತರುವ ಕ್ರೈಟೀರಿಯನ್ ಕಂಪನಿ 2014ರಲ್ಲಿ ತಂದ ಡಿಸ್ಕ್‌ನಲ್ಲಿ ಕಾರ್ಲ್ ಡೇವಿಸ್ ಸಂಗೀತ ಇದೆ. ಮುಖದ ಭಾವ ಚೆನ್ನಾಗಿ ಕಾಣುವ ಪ್ರಿಂಟ್ ಈ ಸಿನಿಮಾಕ್ಕೆ ಬೇಕೇ ಬೇಕು, ನಗು ಅಳುವಾಗಿ ಬದಲಾಗುವುದು ತುಟಿಯ ಒಂದು ಸಣ್ಣ ಅಲುಗಾಟದಲ್ಲಿ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಇದನ್ನು 1990ರಲ್ಲೇ ಸೇರಿಸಿದ್ದಾರೆ.

ಇದೇ ಥರದ್ದು ಬೇಕಾದರೆ 1926ರ ‘ಬ್ರೌನ್ ಆಫ್ ಹಾರ್ವರ್ಡ್’ ಇದೆ, ವಿಲಿಯಂ ಹೇನ್ಸ್ ನಟಿಸಿದ್ದು. ಅಲ್ಲಿ ಹುಡುಗ ಸಪ್ಪೆ ಅಲ್ಲ, ಜಂಬದವನು, ಅವನ ಜಂಬ ಇಳಿಯುವುದೇ ಕಥೆ. ಆಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಜಾನ್ ವೇನ್ ಕೂಡ ಹೆಸರಿಲ್ಲದ ಪಾತ್ರದಲ್ಲಿ ಬಂದು ಹೋಗುತ್ತಾರೆ. ಮಾರ್ಕ್ಸ್ ಸಹೋದರರ 1932ರ ‘ಹಾರ್ಸ್ ಫೆದರ್ಸ್’ ಕೂಡ ಕಾಲೇಜು ಫುಟ್‌ಬಾಲ್ ಮೇಲೆ ಇದೆ, ಆದರೆ ಅದು ಪೂರ್ತಿ ಗಲಾಟೆ. ಅಲ್ಲಿ ಯಾರಿಗೂ ನೋವಾಗುವುದಿಲ್ಲ, ಅದನ್ನು ಬೇರೆ ಮನಸ್ಸಿನಿಂದ ನೋಡಿ.

ಮೊದಲು ನೋಡಬೇಕಾದದ್ದು ಮೂಕಿ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಅವರ ‘ಕಾಲೇಜ್’, 1927. ‘ಫ್ರೆಶ್‌ಮನ್’ ಓಡಿದ ಮೇಲೆ ಬಂದದ್ದು, ಕೀಟನ್ ಫುಟ್‌ಬಾಲ್ ಒಂದನ್ನು ಬಿಟ್ಟು ಬೇಸ್‌ಬಾಲ್, ಓಟ, ಜಿಗಿತ, ಎಸೆತ ಎಲ್ಲದರಲ್ಲೂ ಸೋಲುತ್ತಾ ಹೋಗುತ್ತಾರೆ. ಕೊನೆಯಲ್ಲಿ ಹುಡುಗಿಯನ್ನು ಬಿಡಿಸಲು ಓಡುವಾಗ ಅದೇ ಆಟಗಳೆಲ್ಲ ಕೈಗೂಡುತ್ತವೆ. ಕೋಲು ಊರಿ ಕಿಟಕಿಯೊಳಗೆ ಹಾರುವ ಒಂದು ಜಿಗಿತ ಮಾತ್ರ ಅವರದಲ್ಲ, 1924ರ ಒಲಿಂಪಿಕ್ಸ್‌ನಲ್ಲಿ ಪೋಲ್‌ವಾಲ್ಟ್ ಚಿನ್ನ ಗೆದ್ದ ಲೀ ಬಾರ್ನ್ಸ್ ಅವರದು. ಕೀಟನ್‌ನ ಹುಡುಗ ಯಾರ ಮುಂದೆಯೂ ಅಳುವುದಿಲ್ಲ, ಲಾಯ್ಡ್‌ನ ಹುಡುಗ ಅಳುತ್ತಾನೆ. ಎರಡೂ ನೋಡಿ ಬಂದು ಯಾವುದು ಹಿಡಿಸಿತು ಅಂತ ಇಲ್ಲೇ ಬರೆಯಿರಿ, ‘ಕಾಲೇಜ್’ನಲ್ಲಿ ಬರುವ ದೋಣಿ ಪಂದ್ಯದ ಬಗ್ಗೆ ನನಗೂ ಬಹಳ ಹೇಳುವುದಿದೆ.